ನೆಲ ಕೇಳಿದ್ದು

ನಮ್ಮ ಊರಿನಲ್ಲಿ ಅಮಾವಾಸ್ಯೆ ಕಳೆದ ಬೆಳಿಗ್ಗೆ ಯಾರೂ ಹಾಸಿಗೆಯಿಂದ ತಟ್ಟನೆ ಏಳುವುದಿಲ್ಲ. ಮೊದಲು ಅಂಗೈ ಕೆಳಗಿಳಿಸಿ ನೆಲ ಮುಟ್ಟಿ ನೋಡುತ್ತಾರೆ. ತಣ್ಣಗಿದೆಯೋ ಬೆಚ್ಚಗಿದೆಯೋ, ತರಿಯೋ ನುಣುಪೋ. ನಿನ್ನೆಯವರೆಗೆ ಮರದ ಹಲಗೆ ಇದ್ದಲ್ಲಿ ಇವತ್ತು ಕಡಪ ಕಲ್ಲು ಇರಬಹುದು, ಕೆಂಪು ಗಾರೆ ಇದ್ದಲ್ಲಿ ಹೊಳೆಯ ಗುಂಡುಗಲ್ಲು ಬಂದಿರಬಹುದು. ತಿಂಗಳಿಗೊಮ್ಮೆ ಸೂರಿನ ಕೆಳಗಿನ ನೆಲವೆಲ್ಲ ಬದಲಾಗುತ್ತದೆ. ಸೂರು ಎಂದರೆ ಹಂಚೇ ಆಗಬೇಕೆಂದಿಲ್ಲ, ತಲೆಯ ಮೇಲೆ ಗರಿಯ ಚಪ್ಪರ ಇದ್ದರೂ ಸಾಕು. ಬೀದಿ ಮಾತ್ರ ಬೀದಿಯಾಗಿಯೇ ಉಳಿಯುತ್ತದೆ. ಹಾಗಾಗಿ ಪಾಡ್ಯದ ಬೆಳಿಗ್ಗೆ ಹಾಲಿನವನಿಂದ ಹಿಡಿದು ಎದುರಾದವರೆಲ್ಲ ಕೇಳುವುದು ಒಂದೇ ಮಾತು: ನಿಮಗೇನು ಬಂತು?

ಹುಟ್ಟಿದಾಗಿನಿಂದ ಹೀಗೆಯೇ ಇರುವುದರಿಂದ ನಮಗೆ ಇದು ವಿಶೇಷ ಎನಿಸುವುದಿಲ್ಲ. ಪ್ರತಿ ಮನೆಯ ಮೂಲೆಯಲ್ಲೂ ನಾರಿನ ಚಾಪೆ, ಗೋಣಿತಾಟು, ಮಂಚದ ಕಾಲಿಗೆ ಕೊಡುವ ಮರದ ಬೆಣೆ ಇದ್ದೇ ಇರುತ್ತವೆ. ದರ್ಜಿಯ ಮನೆಗೆ ಒಮ್ಮೆ ಮರಳು ಬಂದು, ಕೆಳಗೆ ಬಿದ್ದ ಸೂಜಿ ಒಂದೂ ಸಿಗದೆ, ಆ ತಿಂಗಳೆಲ್ಲ ಅವನು ಹೊಲಿಗೆ ಯಂತ್ರವನ್ನು ಬೇವಿನ ಮರದ ಕೆಳಗೆ ಇಟ್ಟುಕೊಂಡಿದ್ದ. ಶಾಲೆಗೆ ಹಾಲುಗಲ್ಲು ಬಂದ ತಿಂಗಳು ಮಕ್ಕಳು ಸಂಜೆಯಾದರೂ ಮನೆಗೆ ಹೊರಡುತ್ತಿರಲಿಲ್ಲ. ಒಂದು ತುದಿಯಿಂದ ಓಡಿ ಬಂದು ಇನ್ನೊಂದು ತುದಿಯವರೆಗೆ ಜಾರುವುದೇ ಆಟ. ಮೇಷ್ಟ್ರೂ ಯಾರೂ ಇಲ್ಲದಾಗ ಒಂದೆರಡು ಸಲ ಜಾರಿದ್ದಾರೆ ಎಂದು ಜನ ಹೇಳುತ್ತಿದ್ದರು.

ಇದೆಲ್ಲ ಕಾಲಲ್ಲಿ ಕಸುವಿರುವವರ ಮಾತು. ವಯಸ್ಸಾದವರಿಗೆ ಪಾಡ್ಯ ಎಂದರೆ ಎದೆ ಹೊಡೆದುಕೊಳ್ಳುವ ದಿನ. ನುಣುಪು ಕಲ್ಲು ಬಂದರೆ ಜಾರುವ ಭಯ. ಗುಂಡುಗಲ್ಲು ಬಂದರೆ ಜಾರುವುದಿಲ್ಲ, ಆದರೆ ಪಾದ ಹೊರಳುತ್ತದೆ. ಮೆತ್ತನೆಯದು ಬಂದರೆ ಇಟ್ಟ ಕಾಲು ಎಲ್ಲಿ ಊರಿತೆಂದು ತಿಳಿಯುವ ಮೊದಲೇ ಮೈ ಒಂದು ಕಡೆಗೆ ವಾಲಿರುತ್ತದೆ. ಸಗಣಿ ಸಾರಿಸಿದ ಮಣ್ಣಿನ ನೆಲವೊಂದೇ ಎಲ್ಲರಿಗೂ ಒಗ್ಗುವುದು. ಆದರೆ ಅದು ಎಲ್ಲೋ ಕೆಲವು ಮನೆಗೆ ಮಾತ್ರ ಬರುತ್ತದೆ.

ಅದಕ್ಕೇ ಊರಿನಲ್ಲಿ ನೆಲ ಕೇಳುವ ಪದ್ಧತಿ ಇದೆ. ತಮ್ಮ ಮನೆಯ ನೆಲ ಕಾಲಿಗೆ ಒಗ್ಗದಿದ್ದರೆ ಹಿರಿಯರು ಪಾಡ್ಯದ ದಿನ ಒಳ್ಳೆಯ ನೆಲ ಬಂದ ಮನೆಗೆ ಹೋಗಿ, ಹೊಸ್ತಿಲ ಹೊರಗೆ ನಿಂತು, ಈ ತಿಂಗಳು ನಿಮ್ಮ ನೆಲ ಕೊಡಿ ಎಂದು ಕೇಳಬೇಕು. ಕೇಳಿದವರಿಗೆ ಇಲ್ಲ ಎನ್ನುವಂತಿಲ್ಲ. ಮುಂದಿನ ಅಮಾವಾಸ್ಯೆಯವರೆಗೆ ಅವರ ಊಟ, ನಿದ್ದೆ ಎಲ್ಲ ಆ ಮನೆಯಲ್ಲೇ. ಒಂದು ಮನೆಗೆ ಒಬ್ಬರು. ಕೇಳುವವರು ತಾವೇ ಬಾಯಿಬಿಟ್ಟು ಕೇಳಬೇಕು. ಮಗನಾಗಲಿ ಸೊಸೆಯಾಗಲಿ ಅವರ ಪರವಾಗಿ ಕೇಳುವ ಹಾಗಿಲ್ಲ, ಮನೆಯವರು ತಾವಾಗಿ ಕರೆಯುವ ಹಾಗೂ ಇಲ್ಲ. ಒಮ್ಮೆ ಕೇಳಿದವರನ್ನು ಆಮೇಲೆ ಊರು ಬೇರೆ ಕಣ್ಣಿನಿಂದ ನೋಡುತ್ತದೆ. ನಲ್ಲಿಯ ಹತ್ತಿರ ಅವರ ಕೈಯಿಂದ ಕೊಡ ಕಿತ್ತುಕೊಂಡು ತುಂಬಿಕೊಡುತ್ತಾರೆ. ಮಾತುಕತೆಗೆ ಕರೆದರೆ ಗೋಡೆಗೆ ಒರಗಿಸಿ ಕೂರಿಸುತ್ತಾರೆ, ಆದರೆ ಅವರ ಮಾತು ಕೇಳುವುದಿಲ್ಲ. ಇನ್ನೂ ಕೇಳದವರು ಅದನ್ನು ನೆಲ ಬೇಡುವುದು ಎನ್ನುತ್ತಿದ್ದರು. ನಾನೂ ಹಾಗೇ ಎನ್ನುತ್ತಿದ್ದೆ.

ನನ್ನ ಹೆಸರು ಓಂಕಾರಪ್ಪ. ನನ್ನ ಅಕ್ಕ ಹಾಲಮ್ಮ. ಅಕ್ಕ ಮದುವೆಯಾದ ಕೆಲವೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ನನಗೆ ಮದುವೆಯ ಮಾತು ಬಂದಾಗಲೆಲ್ಲ ಯಾವುದೋ ಕಾರಣಕ್ಕೆ ಮುರಿದು, ಕೊನೆಗೆ ಯಾರೂ ಎತ್ತುವುದನ್ನೇ ಬಿಟ್ಟರು. ಅಪ್ಪ ಮದುವೆ ಮುಂಜಿಗೆ ಅಡುಗೆ ಒಪ್ಪಿಕೊಳ್ಳುತ್ತಿದ್ದ. ಅವನು ಹೋದ ಮೇಲೆ ಒಲೆ ಅಕ್ಕನಿಗೆ ಬಂತು, ಪಂಕ್ತಿ ನನಗೆ ಬಂತು. ಅವಳು ಬೇಯಿಸುತ್ತಾಳೆ, ನಾನು ಬಡಿಸುತ್ತೇನೆ. ಹುಡುಗರನ್ನು ಆಳು ಲೆಕ್ಕದಲ್ಲಿ ಕರೆದುಕೊಂಡರೂ ಸಾರಿನ ಬಕೆಟ್ಟು ಮಾತ್ರ ನಾನು ಬೇರೆಯವರ ಕೈಗೆ ಕೊಟ್ಟವನಲ್ಲ.

ಬಡಿಸುವುದು ಕೈಯ ಕೆಲಸ ಎಂದು ಜನ ತಿಳಿದಿದ್ದಾರೆ. ಅದು ಕಾಲಿನ ಕೆಲಸ. ಸೊಂಟ ಬಗ್ಗಿಸಿ, ಎಡಗೈಯಲ್ಲಿ ಕುದಿಯುವ ಸಾರು, ಬಲಗೈಯಲ್ಲಿ ಸೌಟು ಹಿಡಿದು, ಎರಡು ಸಾಲು ಎಲೆಗಳ ನಡುವಿನ ಅಷ್ಟಗಲ ಜಾಗದಲ್ಲಿ ಪಕ್ಕಕ್ಕೆ ಪಕ್ಕಕ್ಕೆ ಸರಿಯಬೇಕು. ಕಣ್ಣು ಎಲೆಯ ಮೇಲೆ, ಕಿವಿ ಕರೆಯುವವರ ಕಡೆಗೆ, ಬಾಯಿಯಲ್ಲಿ ಒಂದು ತಮಾಷೆಯ ಮಾತು. ಕಾಲು ತನ್ನ ದಾರಿ ತಾನೇ ನೋಡಿಕೊಳ್ಳಬೇಕು. ನನ್ನ ಕಾಲಿಗೆ ಅದು ಗೊತ್ತಿತ್ತು. ಮರಳಿನ ಮೇಲೆ ಮೊಣಕಾಲು ಎತ್ತಿ, ಹಲಗೆಯ ಮೇಲೆ ಹಿಮ್ಮಡಿ ಊರಿ, ಗುಂಡುಗಲ್ಲಿನ ಮೇಲೆ ಬೆರಳು ಮೊದಲು ಇಟ್ಟು, ಯಾವ ತಿಂಗಳು ಎಂಥ ನೆಲ ಬಂದರೂ ಒಂದು ಹನಿ ಚೆಲ್ಲದೆ ಬಡಿಸಿದ್ದೇನೆ. ಅರವತ್ತು ದಾಟಿ ಎಷ್ಟೋ ವರ್ಷವಾದರೂ ನಾನು ನಡೆಯುವ ರಭಸಕ್ಕೆ ಆಳು ಹುಡುಗರು ಬೆವರುತ್ತಿದ್ದರು. ಅದು ನನಗೆ ಗೊತ್ತಿತ್ತು, ಹೆಮ್ಮೆಯೂ ಇತ್ತು.

ನನ್ನ ಚಿಂತೆಯೆಲ್ಲ ಅಕ್ಕನದು. ಅವಳ ನಡಿಗೆ ಬದಲಾಗಿತ್ತು. ಹೆಜ್ಜೆ ಗಿಡ್ಡವಾಗಿತ್ತು. ತಟ್ಟೆ ಇಡುವ ಹಾಗೆ ಪಾದವನ್ನು ಸಪಾಟಾಗಿ ಇಟ್ಟು, ಅದು ನಿಂತಿತೆಂದು ಖಾತ್ರಿಯಾದ ಮೇಲೆ ಇನ್ನೊಂದನ್ನು ಎತ್ತುತ್ತಿದ್ದಳು. ತಿರುಗಬೇಕಾದರೆ ಸೊಂಟ ತಿರುಗಿಸದೆ ನಾಲ್ಕಾರು ಪುಟ್ಟ ಹೆಜ್ಜೆ ಇಟ್ಟು ಸುತ್ತಿ ಬರುತ್ತಿದ್ದಳು. ಪಂಕ್ತಿ ಶುರುವಾದರೆ ಅಡುಗೆ ಮನೆಯ ಬಾಗಿಲಿಗೆ ಬಂದು, ಚೌಕಟ್ಟು ಹಿಡಿದು ನಿಂತುಬಿಡುತ್ತಿದ್ದಳು. ಪಾಪ, ನಿಲ್ಲಲು ಆಗದೆ ಆಸರೆ ಹಿಡಿದಿದ್ದಾಳೆ ಎಂದುಕೊಳ್ಳುತ್ತಿದ್ದೆ. ಮನೆಯಲ್ಲಿ ಬಚ್ಚಲ ಬಾಗಿಲಿಗೆ ಅವಳೇ ಗೋಣಿತಾಟು ಹಾಸುತ್ತಿದ್ದಳು. ಅದರ ಅಂಚಿಗೆ ಎಡವಿ ಬಿದ್ದಾಳೆಂದು ನಾನು ತೆಗೆದಿಡುತ್ತಿದ್ದೆ. ಮಾರನೆಯ ದಿನ ಅದು ಮತ್ತೆ ಅಲ್ಲೇ ಇರುತ್ತಿತ್ತು.

ಆ ತಿಂಗಳು ನಮ್ಮ ಮನೆಗೆ ಕರಿ ಕಲ್ಲು ಬಂತು. ಕನ್ನಡಿಯಂಥ ಹೊಳಪು. ಮುಖ ಕಾಣುತ್ತಿತ್ತು. ಎದುರು ಮನೆಯ ಚಂದ್ರಮ್ಮನಿಗೆ ಮಣ್ಣಿನ ನೆಲ ಬಂದಿತ್ತು. ನಾನು ಅಕ್ಕನಿಗೆ ಬೆಳಿಗ್ಗೆಯಿಂದ ಹೇಳಿದೆ. ಹೋಗಿ ಒಂದು ಮಾತು ಕೇಳು, ಚಂದ್ರಮ್ಮ ನಿನ್ನ ವಾರಿಗೆಯವಳೇ, ಸಂಕೋಚ ಯಾಕೆ ಎಂದೆ. ವಯಸ್ಸಾದ ಮೇಲೆ ಎಲ್ಲರೂ ಮಾಡುವುದೇ ಎಂದೆ. ಅವಳು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ತಲೆ ಎತ್ತಲಿಲ್ಲ.

“ನಾನು ಹೋದ್ರೆ ಇಲ್ಲಿ ನೋಡೋರು ಯಾರು?” ಎಂದಳು.

ಮನೆ ನೋಡುವ ಮಾತು ಎಂದುಕೊಂಡೆ. ನಾನಿಲ್ಲವೇ ಎಂದು ಸ್ವಲ್ಪ ಸಿಟ್ಟಿನಿಂದಲೇ ಹೇಳಿದೆ. ಅವಳು ನನ್ನ ಮುಖ ನೋಡಿ, ಜರಡಿಯನ್ನು ಇನ್ನೊಂದು ಸಲ ತಟ್ಟಿದಳು. ಹಟ ಎಂದುಕೊಂಡು ನಾನೂ ಬಿಟ್ಟೆ.

ಹುಣ್ಣಿಮೆಯ ಹೊತ್ತಿಗೆ ಮಂಡಕ್ಕಿ ಭಟ್ಟಿಯ ಮಹೇಶ್ವರಪ್ಪನವರ ಮಗನ ನಿಶ್ಚಿತಾರ್ಥ. ಊಟ ಅವರ ಮನೆಯ ಪಡಸಾಲೆಯಲ್ಲೇ. ಅವರಿಗೆ ಆ ತಿಂಗಳು ಹಾಲಿನ ಬಣ್ಣದ, ಹೊಳೆಯುವ ನೆಲ ಬಂದಿತ್ತು. ಪಡಸಾಲೆಗೆ ಎತ್ತರದ ಕಿಟಕಿಗಳು, ಮಧ್ಯಾಹ್ನದ ಬಿಸಿಲು ನೇರ ಒಳಗೆ ಬೀಳುತ್ತಿತ್ತು. ನಾನು ಎಂದಿನಂತೆ ಎಲೆ ಹಾಕುವ ಮೊದಲು ಬರಿಗಾಲಲ್ಲಿ ಒಂದು ಸುತ್ತು ತಿರುಗಿ ನೆಲದ ಪರಿಚಯ ಮಾಡಿಕೊಂಡೆ. ಒಣಗಿದ್ದಾಗ ಕಾಲಿಗೆ ಸಿಕ್ಕುತ್ತಿತ್ತು. ಏನೂ ತೊಂದರೆ ಇಲ್ಲ ಎಂದುಕೊಂಡೆ. ಮೊದಲ ಪಂಕ್ತಿ ಸರಾಗವಾಗಿ ಎದ್ದಿತು. ಬೀಗರು ಅಕ್ಕನ ಹೋಳಿಗೆಯನ್ನು ಹೊಗಳಿದರು.

ಎರಡನೆಯ ಪಂಕ್ತಿಯಲ್ಲಿ ಹೋಳಿಗೆ ಮೇಲೆ ತುಪ್ಪ ಹಾಕುವಾಗ ಯಾರ ಎಲೆಯಿಂದಲೋ ಒಂದಿಷ್ಟು ನೆಲಕ್ಕೆ ಹರಿದಿರಬೇಕು. ಬಿಳಿ ನೆಲ, ಅದರ ಮೇಲೆ ಬಿಸಿಲಿನ ಹೊಳಪು. ತುಪ್ಪ ಯಾವುದು, ಬೆಳಕು ಯಾವುದು ಕಾಣುತ್ತಿರಲಿಲ್ಲ. ನಾನು ಅನ್ನದ ಹಿಂದೆಯೇ ಸಾರು ಬಡಿಸುತ್ತ ಬಂದೆ. ಹಿಂದಿನ ಸಾಲಿನಿಂದ ಯಾರೋ ಸಾರು ಈ ಕಡೆ ಎಂದು ಕೂಗಿದರು. ಬಂದೆ ಬಂದೆ ಎನ್ನುತ್ತ ತಿರುಗಿದೆ. ತಿರುಗಿದ್ದು ಸೊಂಟದಿಂದ ಮೇಲಿನ ಭಾಗ ಮಾತ್ರ. ಎಡಗಾಲು ನನ್ನ ಜೊತೆ ಬರಲಿಲ್ಲ. ಅದು ಎಲ್ಲಿಗೋ ಹೊರಟುಹೋಯಿತು. ಬಾಗಿಲಿಂದ ಅಕ್ಕ ನನ್ನ ಹೆಸರು ಹಿಡಿದು ಕೂಗಿದ್ದು ಕೇಳಿಸಿತು. ಬಿದ್ದ ಮೇಲೆ ಕೇಳಿಸಿತೋ ಬೀಳುವ ಮೊದಲೋ ಹೇಳಲಾರೆ. ಕೈ ಮಾತ್ರ ಬಕೆಟ್ಟನ್ನು ನೆಟ್ಟಗೆ ಹಿಡಿಯಲು ನೋಡಿತು, ಹಾಗಾಗಿ ಮೈಯೆಲ್ಲ ಸೊಂಟದ ಮೇಲೆ ಮತ್ತು ಆ ಕೈಯ ಮಣಿಕಟ್ಟಿನ ಮೇಲೆ ಬಿತ್ತು. ಆದರೂ ಬಕೆಟ್ಟು ವಾಲಿತು. ಸಾರು ಎಲೆಗಳ ಮೇಲೆ ಹರಿದು, ಸಾಲಿನ ಕೊನೆಯಲ್ಲಿ ಕೂತಿದ್ದ ಒಂದು ಮಗುವಿನ ಕಾಲಿಗೆ ಹೋಯಿತು. ರೇಷ್ಮೆ ಲಂಗ ಹಾಕಿಕೊಂಡು ತಾಯಿಯ ಪಕ್ಕದಲ್ಲಿ ಕೂತಿದ್ದ ಹುಡುಗಿ.

ಅವಳು ದಾಕ್ಷಾಯಣಿ, ಮಹೇಶ್ವರಪ್ಪನವರ ತಮ್ಮನ ಮೊಮ್ಮಗಳು. ಒಂದನೆಯ ತರಗತಿಗೆ ಹೋಗುತ್ತಿದ್ದಳು. ತಾಯಿ ವನಜಾಕ್ಷಿ. ತಂದೆ ಲಾರಿ ಓಡಿಸುವವನು, ತಿಂಗಳಲ್ಲಿ ಹೆಚ್ಚು ದಿನ ಊರಿನಲ್ಲಿ ಇರುವುದಿಲ್ಲ. ಮಗು ಕಿರುಚಿದ್ದು ಕೇಳಿ ಇಡೀ ಪಂಕ್ತಿ ಎದ್ದಿತು. ಒಬ್ಬರು ಅರಿಶಿನ ಎಂದರು, ಒಬ್ಬರು ಇಂಕು ಎಂದರು. ಅಷ್ಟರಲ್ಲಿ ಅಕ್ಕ ತನ್ನ ಗಿಡ್ಡ ಹೆಜ್ಜೆಗಳಲ್ಲೇ ಆ ನೆಲವನ್ನು ದಾಟಿ ಬಂದು, ಕೊಡದ ತಣ್ಣೀರನ್ನು ಮಗುವಿನ ಕಾಲಿನ ಮೇಲೆ ಸುರಿಯತೊಡಗಿದಳು. ಇನ್ನೊಂದು ಕೊಡ ತನ್ನಿ ಎಂದಳು, ಮತ್ತೊಂದು ತನ್ನಿ ಎಂದಳು, ಬೇರೆ ಏನನ್ನೂ ಹಚ್ಚಲು ಬಿಡಲಿಲ್ಲ. ಆಮೇಲೆ ವನಜಾಕ್ಷಿ ಮಗುವನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿದಳು. ಬಾಗಿಲು ದಾಟುವಾಗ ಒಂದು ಸಲ ತಿರುಗಿ ನನ್ನನ್ನು ನೋಡಿದಳು. ನಾನು ಇನ್ನೂ ನೆಲದ ಮೇಲೆಯೇ ಇದ್ದೆ.

ನನ್ನ ಎಡ ಮಣಿಕಟ್ಟು ಬಿರುಕು ಬಿಟ್ಟಿತ್ತು. ಸೊಂಟ ಮುರಿದಿರಲಿಲ್ಲ, ಆದರೆ ಒಂದು ಕಡೆ ಪೂರ್ತಿ ಕಪ್ಪಾಗಿತ್ತು. ಮಗುವಿನ ಮೊಣಕಾಲಿನ ಹಿಂಭಾಗದಿಂದ ಹಿಮ್ಮಡಿಯವರೆಗೆ ಚರ್ಮ ಎದ್ದಿದೆ, ಜೀವಕ್ಕೆ ಅಪಾಯವಿಲ್ಲ ಎಂದು ಅಕ್ಕ ಕೇಳಿಕೊಂಡು ಬಂದು ಹೇಳಿದಳು. ಮಲಗಿದಲ್ಲೇ ನಾನು ಎಲ್ಲರನ್ನೂ ಬೈದೆ. ತುಪ್ಪ ಚೆಲ್ಲಿದ ಹುಡುಗನನ್ನು ಬೈದೆ, ಹಿಂದಿನಿಂದ ಕೂಗಿದವನನ್ನು ಬೈದೆ, ಕಿಟಕಿಗೆ ಪರದೆ ಬಿಡದ ಮಹೇಶ್ವರಪ್ಪನವರನ್ನು ಬೈದೆ. ಅಕ್ಕ ಗಂಜಿ ಕುಡಿಸುತ್ತ ಎಲ್ಲ ಕೇಳಿಸಿಕೊಂಡಳು.

ಎದ್ದು ಓಡಾಡಬಹುದು ಎಂದು ಡಾಕ್ಟರು ಹೇಳಿದ ದಿನ ನಾನು ಮಂಚದಿಂದ ಕಾಲು ಇಳಿಸಿ ಹಾಗೇ ಕೂತೆ. ಕರಿ ಕಲ್ಲು ಹೊಳೆಯುತ್ತಿತ್ತು. ಇಷ್ಟು ದಿನ ಅದರ ಮೇಲೆ ನಡೆದಿದ್ದೇನೆ ಎಂದು ನಂಬಲಾಗಲಿಲ್ಲ. ನೋವಿಗಿಂತ ಬೇರೆ ಏನೋ ಒಂದು ಕಾಲನ್ನು ಹಿಡಿದಿತ್ತು. ಹೇಗೋ ಎದ್ದು, ಗೋಡೆ ಹಿಡಿದು, ಪಾದ ನೋಡುತ್ತ, ಒಂದನ್ನು ಸಪಾಟಾಗಿ ಇಟ್ಟು ನಿಂತ ಮೇಲೆ ಇನ್ನೊಂದನ್ನು ಎಳೆದುಕೊಂಡೆ. ಬಚ್ಚಲ ಬಾಗಿಲು ಬೇರೆ ಊರಿನಷ್ಟು ದೂರ ಕಂಡಿತು. ಅಕ್ಕ ನನ್ನ ಪಕ್ಕದಲ್ಲೇ ಬರುತ್ತಿದ್ದಳು. ನಮ್ಮಿಬ್ಬರ ಹೆಜ್ಜೆ ಒಂದೇ ಅಳತೆಗೆ ಬಂದಿದ್ದನ್ನು ನೋಡಿ ನನಗೆ ಅಳು ಬಂತು. ನಾನೂ ನಿನ್ನ ಹಾಗೆ ಮುದುಕನಾದೆ ಎಂದೆ.

ಅಕ್ಕ ನಿಂತಳು. “ನಾನು ಹಿಂಗೆ ನಡೆಯೋದು ಯಾವಾಗಿಂದ ಗೊತ್ತೇನೋ? ಒಂದು ಮದುವೇಲಿ ಒಲೆ ಪಕ್ಕ ಜಾರಿದ್ದೆ. ಬೀಳ್ಲಿಲ್ಲ, ಗೂಟ ಸಿಕ್ತು. ಅವತ್ತಿಂದ ಕಾಲು ಹೇಳಿದ ಹಂಗೆ ಕೇಳ್ತಿದೀನಿ. ಬೀಳಬಾರ್ದು ಅಂತ ಬೇಕಂತಲೇ ಹಿಂಗೆ ನಡೀತೀನಿ.”

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳಿದ್ರೆ ನೀನು ಕೇಳೋನಾ? ನಿನ್ನ ಎಡಗಾಲು ನೆಲ ಬಿಟ್ಟು ಏಳೋದು ನಿಂತು ಎಷ್ಟೋ ದಿನ ಆಯ್ತು. ಬೆರಳು ಕೆರ್ಕೊಂಡು ಬರ್ತಾವೆ. ತಿರುಗೋವಾಗ ಕಾಲಿಗಿಂತ ಮುಂಚೆ ಸೊಂಟ ತಿರುಗ್ತದೆ. ಅದನ್ನ ನೋಡೋಕೇ ನಾನು ಪ್ರತಿ ಪಂಕ್ತಿಲೂ ಬಾಗಿಲಲ್ಲಿ ನಿಲ್ತಿದ್ದೆ. ಬಚ್ಚಲಿಗೆ ತಾಟು ಹಾಸಿದ್ದು ಯಾರಿಗೆ ಅಂದ್ಕೊಂಡೆ?”

ಕರಿ ಕಲ್ಲಿನಲ್ಲಿ ಅವಳ ಮುಖವೂ ನನ್ನ ಮುಖವೂ ತಲೆಕೆಳಗಾಗಿ ಕಾಣುತ್ತಿದ್ದವು. ಚಂದ್ರಮ್ಮನ ಮನೆಗೆ ಹೋಗು ಎಂದು ನಾನು ಒತ್ತಾಯ ಮಾಡಿದ್ದು ನೆನಪಾಯಿತು.

“ನಾನು ಹೋಗಿದ್ರೆ ಈ ಕಲ್ಲಿನ ಮೇಲೆ ನೀನೊಬ್ಬನೇ,” ಎಂದಳು ಅಕ್ಕ. “ನಿನ್ನ ಪರವಾಗಿ ನಾನು ಕೇಳೋಕೆ ಬರ್ತದಾ? ನೀನಾಗೇ ಬಾಯಿ ಬಿಡ್ಲಿ ಅಂತ ಕಾಯ್ತಿದ್ದೆ.”

ಅವಳು ನನ್ನನ್ನು ಬಚ್ಚಲವರೆಗೆ ಬಿಟ್ಟು ಹೋದಳು. ನಾನು ಮುಖಕ್ಕೆ ನೀರು ಹಾಕಿಕೊಂಡು, ಅವಳು ಹಾಸಿದ್ದ ತಾಟಿನ ಮೇಲೆ ಕಾಲು ಒರೆಸಿಕೊಂಡೆ.

ಅಮಾವಾಸ್ಯೆ ಕಳೆಯಿತು. ಪಾಡ್ಯದ ಬೆಳಿಗ್ಗೆ ಅಂಗೈ ಇಳಿಸಿ ನೋಡಿದರೆ ನಮ್ಮ ಮನೆಯ ನೆಲ ಹೊಸ ಹಾಸಿಗೆಯಷ್ಟು ಮೆತ್ತಗಿತ್ತು. ಬಿದ್ದರೂ ಪೆಟ್ಟಾಗುವುದಿಲ್ಲ ಎಂದು ಮೊದಲು ಸಂತೋಷವಾಯಿತು. ಎದ್ದು ನಿಂತಾಗ ಗೊತ್ತಾಯಿತು. ಪಾದ ಒಳಗೆ ಇಳಿಯುತ್ತದೆ, ಎತ್ತಿದರೆ ಪೂರ್ತಿ ಏಳುವುದಿಲ್ಲ, ಮೈ ದೋಣಿಯ ಹಾಗೆ ಆಡುತ್ತದೆ. ಅಕ್ಕ ಎರಡು ಹೆಜ್ಜೆ ಇಟ್ಟು ಕಂಬ ಹಿಡಿದಳು. ಚಂದ್ರಮ್ಮನಿಗೆ ಕೆಂಪು ಗಾರೆ ಬಂದಿದೆ, ಒರಟು ಗಾರೆ, ಅದು ಒಗ್ಗುತ್ತದೆ ಎಂದು ಹಾಲಿನವನು ಹೇಳಿಹೋಗಿದ್ದ. ಅಕ್ಕ ಅದನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳದವಳಂತೆ ಒಲೆ ಮುಂದೆ ಹೋಗಿ ಕೂತಳು. ಅವಳು ಕಾಯುತ್ತಿದ್ದಾಳೆ ಎಂದು ನನಗೆ ತಿಳಿಯಿತು. ಆದರೂ ನಾನು ಆ ಮಾತು ಆಡಲಿಲ್ಲ. ಮೊದಲು ಮಗುವನ್ನು ನೋಡಿಕೊಂಡು ಬರುತ್ತೇನೆ ಎಂದೆ. ಅಕ್ಕ ಹಿಂದಿನ ದಿನ ಕಟ್ಟಿದ್ದ ರವೆ ಉಂಡೆಯನ್ನು ಡಬ್ಬಿಗೆ ಹಾಕಿ ಕೊಟ್ಟಳು.

ವನಜಾಕ್ಷಿಯ ಮನೆ ಹಿಂದಿನ ಬೀದಿಯಲ್ಲಿ. ಬೀದಿಯ ಮಣ್ಣಿನಲ್ಲಿ ಕೋಲು ಊರಿ ನಡೆಯುವುದು ಅಷ್ಟು ಕಷ್ಟವಾಗಲಿಲ್ಲ. ಬಾಗಿಲು ತಟ್ಟಿದೆ. ತೆರೆದವಳು ದಾಕ್ಷಾಯಣಿ. ಕಾಲಿಗೆ ಬಟ್ಟೆ ಸುತ್ತಿದ್ದರು. ಮೊಣಕಾಲು ಮಡಚಿಕೊಂಡು, ಬೆರಳ ತುದಿಯನ್ನು ಮಾತ್ರ ನೆಲಕ್ಕೆ ತಾಗಿಸಿ, ಬಾಗಿಲಿಗೆ ಜೋತುಬಿದ್ದು ನಿಂತಿದ್ದಳು. ನನ್ನನ್ನು ನೋಡಿ ಹೆದರುತ್ತಾಳೆ ಎಂದುಕೊಂಡಿದ್ದೆ. ಅವಳ ಕಣ್ಣು ನನ್ನ ಕೈಯ ಪಟ್ಟಿಯ ಮೇಲೆ ಹೋಯಿತು. ನಾನು ಡಬ್ಬಿ ಕೊಡಲು ಹೊಸ್ತಿಲಿಗೆ ಒಂದು ಕಾಲು ಇಟ್ಟೆ. ಬೆರಳುಗಳು ಒಳಗಿನ ನೆಲಕ್ಕೆ ತಾಗಿದವು. ಮಣ್ಣು. ಬೆಳಿಗ್ಗೆಯಷ್ಟೇ ಸಾರಿಸಿದ್ದ ಹಾಗೆ ತಣ್ಣಗೆ, ಗಟ್ಟಿಯಾಗಿ, ಸಣ್ಣ ತರಿಯಾಗಿ. ಅದು ನನ್ನ ಪಾದವನ್ನು ಹಿಡಿದುಕೊಂಡಿತು.

“ಈ ತಿಂಗಳು ನಿಮ್ಮ ನೆಲ ಕೊಡಿ,” ಎಂದುಬಿಟ್ಟೆ.

ಕೇಳಬೇಕೆಂದು ನಾನು ಅಲ್ಲಿಗೆ ಹೋಗಿರಲಿಲ್ಲ. ಮಗು ಒಳಗೆ ತಿರುಗಿ ಅವ್ವ ಎಂದು ಕರೆಯಿತು. ವನಜಾಕ್ಷಿ ಆಗಲೇ ನಡುಮನೆಯಲ್ಲಿ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ಅವಳ ಮಗುವನ್ನು ಸುಟ್ಟವನು ಅವಳ ಹೊಸ್ತಿಲಲ್ಲಿ ನಿಂತು, ಅವಳು ಇಲ್ಲ ಎನ್ನಲಾಗದ ಮಾತನ್ನು ಕೇಳಿದ್ದ. ಬೇರೆ ಕಡೆ ಕೇಳುತ್ತೇನೆ ತಾಯಿ, ಬಾಯಿ ತಪ್ಪಿ ಬಂತು ಎಂದು ಹೇಳಿ ಹಿಂದೆ ಸರಿಯಲು ಹೋದೆ. ಅವಸರದಲ್ಲಿ ಕೋಲು ಸಿಕ್ಕಿಕೊಂಡು ವಾಲಿದೆ. ಅವಳು ಬಂದು ರಟ್ಟೆ ಹಿಡಿದಳು.

“ಕೇಳಿದ ಮೇಲೆ ಕೇಳಿದ ಹಾಗೆ,” ಎಂದಳು. “ಒಳಗೆ ಬನ್ನಿ.”

ಅವಳ ದನಿಯಲ್ಲಿ ಪ್ರೀತಿ ಇರಲಿಲ್ಲ. ನಾನು ಒಳಗೆ ಹೋದೆ.

ಸುದ್ದಿ ತಿಳಿದು ಸಂಜೆ ನನ್ನ ಬಟ್ಟೆ ತಂದುಕೊಟ್ಟ ಅಕ್ಕನಿಗೆ ನಡೆದದ್ದೆಲ್ಲ ಹೇಳಿದೆ. ತಪ್ಪು ಮಾಡಿದೆನೇನೋ ಎಂದೆ. ಕೇಳಿದ್ದಾಯಿತು, ಇನ್ನು ಆ ಮನೆಗೆ ಭಾರವಾಗದ ಹಾಗೆ ಇರು ಎಂದಳು. ಅಲ್ಲಿಂದ ನೇರವಾಗಿ ಚಂದ್ರಮ್ಮನ ಮನೆಗೆ ಹೋಗಿ ತಾನೂ ಕೇಳಿದಳಂತೆ. ಮಾರನೆಯ ದಿನ ಬಂದಾಗ ಅವಳ ಮುಖ ಹಗುರವಾಗಿತ್ತು. ಅಕ್ಕ ತವರಿಗೆ ಬಂದ ಮೇಲೆ ನಾವಿಬ್ಬರೂ ಬೇರೆ ಬೇರೆ ಮನೆಯಲ್ಲಿ ಇಷ್ಟು ದಿನ ಮಲಗಿದ್ದು ಅದೇ ಮೊದಲು.

ವನಜಾಕ್ಷಿ ನನಗೆ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಹೊತ್ತಿಗೆ ಸರಿಯಾಗಿ ಕಾಫಿ, ಸ್ನಾನಕ್ಕೆ ಬಿಸಿನೀರು, ಮಲಗಲು ಒಗೆದ ದುಪ್ಪಟಿ. ಮಾತು ಮಾತ್ರ ಆಡಲಿಲ್ಲ. ಊಟದ ತಟ್ಟೆಯನ್ನು ಬಡಿಸಿಟ್ಟು ಒಳಗೆ ಹೋಗುತ್ತಿದ್ದಳು, ಇಲ್ಲವೇ ಮಗಳ ಕೈಯಲ್ಲಿ ಹೇಳಿ ಕಳಿಸುತ್ತಿದ್ದಳು. ಅವಳು ನನ್ನನ್ನು ಏನೆಂದೂ ಕರೆಯುತ್ತಿರಲಿಲ್ಲ. ಅದು ಸರಿ ಎಂದೇ ನನಗೂ ಅನಿಸುತ್ತಿತ್ತು.

ಅವಳ ಚಿಂತೆ ಬೇರೆಯದೇ ಇತ್ತು. ಮಗುವಿನ ಗಾಯ ಮಾಗುತ್ತಿತ್ತು, ಆದರೆ ಮಗು ಹಿಮ್ಮಡಿ ಊರುತ್ತಿರಲಿಲ್ಲ. ನಡೆಸಿ, ಕಾಲು ಚಾಚಿಸಿ, ಇಲ್ಲದಿದ್ದರೆ ಹೊಸ ಚರ್ಮ ಬಿಗಿದುಕೊಂಡು ಮೊಣಕಾಲು ಹಾಗೇ ಮಡಚಿ ನಿಂತುಬಿಡುತ್ತದೆ ಎಂದು ಡಾಕ್ಟರು ಹೇಳಿದ್ದರು. ವನಜಾಕ್ಷಿ ಮಗುವಿನ ಎರಡೂ ಕೈ ಹಿಡಿದು ನಡೆಸಲು ನೋಡುತ್ತಿದ್ದಳು. ಮಗು ಅಳುತ್ತಿತ್ತು. ಅದು ಅತ್ತರೆ ತಾಯಿಯೂ ಕೈ ಬಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋಗುತ್ತಿದ್ದಳು. ನಾನು ಗೋಡೆಗೆ ಒರಗಿ ಕೂತು ಇದನ್ನು ದಿನವೂ ನೋಡುತ್ತಿದ್ದೆ.

ಒಂದು ಮಧ್ಯಾಹ್ನ ವನಜಾಕ್ಷಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಾನು ನೀರು ಕುಡಿಯಲು ಎದ್ದೆ. ನೆಲ ಒಳ್ಳೆಯದೇ, ಆದರೂ ಕಣ್ಣು ಪಾದ ಬಿಟ್ಟು ಏಳುತ್ತಿರಲಿಲ್ಲ. ಗೋಡೆ ಮುಗಿದ ಕಡೆ ನಿಂತುಬಿಟ್ಟೆ. ಅಲ್ಲಿಂದ ನೀರಿನ ಗಡಿಗೆಯವರೆಗೆ ಹಿಡಿಯಲು ಏನೂ ಇಲ್ಲದ ಬಯಲು. ಹಿಂದಿನಿಂದ ಮಗು ಕೇಳಿತು:

“ಅಜ್ಜ, ನಿಮಗೂ ಉರಿಯುತ್ತಾ?”

ಇಲ್ಲ, ಭಯ ಆಗುತ್ತೆ ಎಂದೆ. ದೊಡ್ಡವರಿಗೂ ಭಯ ಆಗುತ್ತದೆಯೇ ಎಂದು ಅದಕ್ಕೆ ಆಶ್ಚರ್ಯವಾಯಿತು. ಬೆರಳ ತುದಿಯಲ್ಲಿ ಕುಂಟುತ್ತ ಬಂದು ಪಟ್ಟಿಯಿಲ್ಲದ ನನ್ನ ಕೈ ಹಿಡಿದುಕೊಂಡಿತು. ಕೈಗೆ ಏನೂ ಭಾರ ಬಂದ ಹಾಗಾಗಲಿಲ್ಲ, ಆದರೂ ನಾನು ಗೋಡೆ ಬಿಟ್ಟೆ. ನೀನು ಹಿಮ್ಮಡಿ ಊರಿದರೆ ನಾನು ತಲೆ ಎತ್ತುತ್ತೇನೆ ಎಂದು ಹೇಳಿದೆ. ಅದು ಸ್ವಲ್ಪ ಯೋಚಿಸಿತು. ಮೊದಲು ನೀವು ಎತ್ತಿ ಎಂದಿತು. ನಾನು ತಲೆ ಎತ್ತಿ ಎದುರಿನ ಗಡಿಗೆ ನೋಡಿದೆ. ನನ್ನ ಅಂಗೈಯಲ್ಲಿ ಅದರ ಬೆರಳುಗಳು ಬಿಗಿಯಾದವು. ಬಾಯಿಂದ ಹಾ ಎಂದು ಸಣ್ಣ ದನಿ ಬಂತು. ಹಿಮ್ಮಡಿ ಮಣ್ಣಿಗೆ ತಾಗಿ ಮತ್ತೆ ಎದ್ದಿತು. ಅಷ್ಟೇ. ನಾವಿಬ್ಬರೂ ಗಡಿಗೆಯವರೆಗೆ ಹೋಗಿ ನೀರು ಕುಡಿದೆವು.

ಅಂದಿನಿಂದ ಅದು ನಮ್ಮ ಕೆಲಸವಾಯಿತು. ಮಧ್ಯಾಹ್ನ ಗಡಿಗೆಗೆ ಹೋಗಿ ಬರುವುದು, ಆಮೇಲೆ ನಡುಮನೆಯ ಸುತ್ತ, ಆಮೇಲೆ ತಲೆಬಾಗಿಲಿನಿಂದ ಹಿತ್ತಲ ಬಾಗಿಲಿನವರೆಗೆ. ಕೆಲವು ದಿನ ಅದು ಅಳುತ್ತಿತ್ತು, ಆಗ ನಾವು ಕೂತುಕೊಳ್ಳುತ್ತಿದ್ದೆವು. ಕೆಲವು ದಿನ ನನಗೆ ಸೊಂಟ ಹಿಡಿದುಕೊಳ್ಳುತ್ತಿತ್ತು, ಆಗ ಅದು ಕಾಯುತ್ತಿತ್ತು. ತಿರುಗುವಾಗ ಅಕ್ಕನ ಹಾಗೆ ಪುಟ್ಟ ಹೆಜ್ಜೆ ಇಟ್ಟು ಸುತ್ತಿ ಬರುವುದನ್ನು ನಾನು ಕಲಿತೆ. ಮಗುವೂ ಅದು ಆಟ ಎಂದುಕೊಂಡು ಹಾಗೇ ತಿರುಗತೊಡಗಿತು. ಒಮ್ಮೆ ಅಡುಗೆ ಮನೆಯ ಬಾಗಿಲಲ್ಲಿ ವನಜಾಕ್ಷಿ ನಿಂತು ನೋಡುತ್ತಿದ್ದಳು. ನಾನು ನೋಡಿದ ಕೂಡಲೇ ಒಳಗೆ ಹೋದಳು. ಮತ್ತೆ ಸಾರಿನ ಬಕೆಟ್ಟು ಹಿಡಿಯುವುದಿಲ್ಲ ಎಂದು ಅಕ್ಕನಿಗೆ ಆ ವಾರ ಹೇಳಿದೆ. ಅವಳು ಬೇಡ ಎನ್ನಲಿಲ್ಲ. ಬೇರೆಯವರಿಗೆ ಕಲಿಸು ಎಂದಳು. ಅದರ ವಿಚಾರ ಆಮೇಲೆ ನೋಡೋಣ ಎಂದೆ. ನಿಜ ಹೇಳಬೇಕೆಂದರೆ ಆ ಮಾತು ಹೇಳಿದ ಮೇಲೆ ಎರಡು ದಿನ ನನಗೆ ಊಟ ಸೇರಲಿಲ್ಲ.

ಅಮಾವಾಸ್ಯೆಯ ದಿನ ಬಂತು. ಮಾರನೆಯ ಬೆಳಿಗ್ಗೆ ಆ ನೆಲ ಇರುವುದಿಲ್ಲ, ನಾನೂ ಹೊರಡಬೇಕು. ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗಿದ್ದ ತಾಯಿ ಮಗಳು ನಡೆದುಕೊಂಡೇ ಮನೆಗೆ ಬಂದರು. ಮಗು ಇನ್ನೂ ಸ್ವಲ್ಪ ಕುಂಟುತ್ತಿತ್ತು, ಆದರೆ ಎರಡೂ ಹಿಮ್ಮಡಿ ಊರುತ್ತಿತ್ತು. ಕಾಲಿನ ಹಿಂದೆ ಕಲೆ ಉಳಿಯುತ್ತದೆ ಎಂದು ಡಾಕ್ಟರು ಹೇಳಿದರಂತೆ. ಅದನ್ನು ಮಗುವೇ ನನಗೆ ಹೇಳಿತು, ಏನೋ ಹೊಸ ಬಟ್ಟೆಯ ವಿಷಯ ಹೇಳುವ ಹಾಗೆ.

ಮಧ್ಯಾಹ್ನ ವನಜಾಕ್ಷಿ ತಟ್ಟೆ ಇಡಲಿಲ್ಲ. ಎಲೆ ಹಾಕಿದಳು. ಮಗು ನನ್ನ ಪಕ್ಕದಲ್ಲಿ ಕೂತಿತು. ಸೊಂಟದ ನೋವಿಗೆ ನಾನು ಒಂದು ಕಾಲು ಮಡಚಿ ಇನ್ನೊಂದನ್ನು ಎಲೆಯ ಪಕ್ಕಕ್ಕೆ ಚಾಚಿ ಕೂತಿದ್ದೆ. ಪಲ್ಯ ಬಡಿಸಿದಳು, ಅನ್ನ ಬಡಿಸಿದಳು. ಆಮೇಲೆ ಒಳಗಿನಿಂದ ಸಾರಿನ ಪಾತ್ರೆ ಹಿಡಿದು ಬಂದಳು. ಹಬೆ ಏಳುತ್ತಿತ್ತು. ಅಷ್ಟು ವರ್ಷ ಬಡಿಸಿದವನು ನಾನು, ಎಲೆಯ ಈಚೆ ಕೂತು ಹಬೆಯಾಡುವ ಪಾತ್ರೆ ತಲೆಯ ಮೇಲೆ ಬರುವುದನ್ನು ಎಂದೂ ಗಮನಿಸಿದವನಲ್ಲ. ನನಗೆ ಅರಿವಿಲ್ಲದೆ ಚಾಚಿದ ಕಾಲನ್ನು ಒಳಗೆ ಎಳೆದುಕೊಂಡೆ. ಸೊಂಟ ಚುಳುಕ್ಕೆಂದಿತು, ಮುಖ ಕಿವುಚಿದೆ.

ವನಜಾಕ್ಷಿ ನಿಂತಳು. ನನ್ನ ಕಾಲು ನೋಡಿದಳು, ಆಮೇಲೆ ಮಗಳ ಕಾಲು ನೋಡಿದಳು. ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಎಲೆಯ ಹತ್ತಿರ ಮೆಲ್ಲಗೆ ಕೂತಳು.

“ಕಾಲು ಚಾಚ್ಕೊಳ್ಳಿ ದೊಡ್ಡಪ್ಪ,” ಎಂದಳು. “ನಾನು ನೋಡ್ಕೊಂಡು ಬಡಿಸ್ತೀನಿ.”

ನಾನು ಕಾಲು ಚಾಚಿದೆ.